ಬೇನೆ, ಅಮಲು, ಅಳತೆ: ಚಿಂತಾಕಿ ಪರಿಸರದ ನೋವಿನ ತಿಳಿವಳಿಕೆ ಮತ್ತು ಅಫೀಮುಮೂಲದ ಮದ್ದುಗಳ ಹೊಣೆಯರಿತ ಬಳಕೆ

ನೋವು ಎಲ್ಲ ಮನುಷ್ಯರಿಗೂ ಸಮಾನವಾದ ಅನುಭವ. ಆದರೆ ಅದನ್ನು ಹೇಳುವ ಮಾತು, ಸಹಿಸುವ ಕ್ರಮ ಮತ್ತು ಕಳೆಯುವ ಉಪಾಯಗಳು ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತವೆ. ಜನಪದ ವೈದ್ಯವನ್ನು ಕುರಿತು ಕನ್ನಡದಲ್ಲಿ ನಡೆದ ಅಧ್ಯಯನಗಳು ಬಹುಮಟ್ಟಿಗೆ ಗಿಡಮೂಲಿಕೆಗಳ ಸಂಗ್ರಹ, ಚಿಕಿತ್ಸಾ ವಿಧಾನ ಹಾಗೂ ವೈದ್ಯ ಮನೆತನಗಳ ಪರಿಚಯಕ್ಕೆ ಹೆಚ್ಚಿನ ಗಮನ ನೀಡಿವೆ. ರೋಗಿಯು ತನ್ನ ನೋವನ್ನು ಯಾವ ಮಾತಿನಲ್ಲಿ ಹೇಳುತ್ತಾನೆ, ಯಾವ ಮದ್ದಿಗೆ ಹೆದರುತ್ತಾನೆ, ಯಾಕೆ ಹೆದರುತ್ತಾನೆ ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿಡದೆ ಕಾಡುವ ದೀರ್ಘಕಾಲದ ನೋವಿನ ಸಂದರ್ಭದಲ್ಲಿ ಈ ಪ್ರಶ್ನೆಗಳು ಕೇವಲ ಶೈಕ್ಷಣಿಕ ಕುತೂಹಲದ ವಿಷಯಗಳಲ್ಲ. ಒಬ್ಬ ವ್ಯಕ್ತಿ ನೋವಿನಲ್ಲಿ ನರಳಬೇಕೇ, ನಿದ್ರಿಸಬಹುದೇ ಎಂಬುದನ್ನು ನಿರ್ಧರಿಸುವ ಸಂಗತಿಗಳು.

ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಹೋಬಳಿ ಕೇಂದ್ರವಾದ ಚಿಂತಾಕಿ ಮತ್ತು ಅದರ ಸುತ್ತಲಿನ ಪರಿಸರವನ್ನು ನೆಲೆಯಾಗಿಟ್ಟುಕೊಂಡು ಪ್ರಸ್ತುತ ಲೇಖನದಲ್ಲಿ ಮೂರು ಅಂಶಗಳನ್ನು ವಿವೇಚಿಸಲಾಗಿದೆ. ಮೊದಲನೆಯದು ನೋವಿನ ಆಡುಮಾತು. ಎರಡನೆಯದು ಅಫೀಮಿನ ಬಗೆಗಿನ ಸಾಂಪ್ರದಾಯಿಕ ತಿಳಿವಳಿಕೆ ಮತ್ತು ಅದರ ಮೇಲೆ ಕಾನೂನು ಬೀರಿದ ಪರಿಣಾಮ. ಮೂರನೆಯದು ಮಾರ್ಫಿನ್‌ನಂತಹ ಮದ್ದುಗಳ ಹೊಣೆಯರಿತ ಬಳಕೆಗೆ ಜನಪದ ವಿವೇಕವು ಒದಗಿಸಬಲ್ಲ ನೆರವು.

ಪರಿಸರದ ಹಿನ್ನೆಲೆ

ಕರ್ನಾಟಕದ ಈಶಾನ್ಯ ತುದಿಯಲ್ಲಿರುವ ಔರಾದ್ ತಾಲ್ಲೂಕು ಮಹಾರಾಷ್ಟ್ರ ಮತ್ತು ತೆಲಂಗಾಣಗಳ ಗಡಿಗೆ ಹೊಂದಿಕೊಂಡಿದೆ. ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ಹಾಗೂ ಲಂಬಾಣಿ ನುಡಿಗಳು ಇಲ್ಲಿ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ತೊಗರಿ, ಉದ್ದು, ಹೆಸರು, ಜೋಳ, ಸೋಯಾ ಇಲ್ಲಿನ ಮುಖ್ಯ ಬೆಳೆಗಳು. ಕಳೆ ತೆಗೆಯುವುದು, ಕೊಯ್ಯುವುದು, ರಾಶಿ ಮಾಡುವುದು ಇವೆಲ್ಲ ಬಾಗಿ ಮಾಡುವ, ಕುಕ್ಕರಗಾಲಿನಲ್ಲಿ ಕುಳಿತು ಮಾಡುವ ಕೆಲಸಗಳು. ಇವುಗಳ ಬಹುಪಾಲು ಹೆಂಗಸರ ಮೇಲೆ ಬೀಳುತ್ತದೆ. ನಡುನೋವು, ಮೊಣಕಾಲು ನೋವುಗಳು ಈ ದುಡಿಮೆಯ ಬೆನ್ನಿಗೇ ಬರುತ್ತವೆ.

ವೈದ್ಯದ ದೃಷ್ಟಿಯಿಂದಲೂ ಈ ಸೀಮೆ ಹಲವು ಧಾರೆಗಳು ಕೂಡಿದ ನೆಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬ. ಹದಿನೈದನೆಯ ಶತಮಾನದಲ್ಲಿ ಬೀದರದಿಂದ ಆಳಿದ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದ್ ಷಾಹನು ಅಲ್ಲಿ ಆಸ್ಪತ್ರೆಯೊಂದನ್ನು ಕಟ್ಟಿಸಿ, ಹಿಂದೂ ಮತ್ತು ಮುಸ್ಲಿಂ ವೈದ್ಯರನ್ನು ನೇಮಿಸಿದನೆಂದು ಇತಿಹಾಸಕಾರ ಫೆರಿಷ್ತಾ ಉಲ್ಲೇಖಿಸಿದ್ದಾನೆ. 1948ರವರೆಗೆ ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹೀಗಾಗಿ ನಾಟಿ ವೈದ್ಯ, ಆಯುರ್ವೇದ, ಹಕೀಮರ ಯುನಾನಿ ಪದ್ಧತಿ, ಮೂಳೆ ಕಟ್ಟುವವರ ವಿದ್ಯೆ ಇವು ಪರಸ್ಪರ ಬೆರೆತುಕೊಂಡೇ ಇಲ್ಲಿ ಬೆಳೆದಿವೆ.

ದೈವದ ಆಸರೆಯೂ ಇದರ ಜೊತೆಗಿದೆ. ಬೀದರದ ಝರಣಿ ನರಸಿಂಹ ಕ್ಷೇತ್ರದಲ್ಲಿ ಭಕ್ತರು ಗುಹೆಯೊಳಗಿನ ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯುತ್ತಾರೆ. ಖಾನಾಪುರದ ಮೈಲಾರ ಮಲ್ಲಣ್ಣನಿಗೆ ಹರಕೆ ಹೊರುವವರೂ ದರ್ಗಾಗಳಿಗೆ ನಡೆದುಕೊಳ್ಳುವವರೂ ಅನೇಕ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹರಕೆಯಲ್ಲಿ ಮೈಯನ್ನು ದಂಡಿಸಿಕೊಳ್ಳುವ ಭಕ್ತನ ನೋವು ತಾನಾಗಿ ಒಪ್ಪಿಕೊಂಡದ್ದು. ಅದಕ್ಕೆ ಕಾರಣವಿದೆ, ಸಾಕ್ಷಿಯಾಗಿ ಊರಿನ ಜನರಿದ್ದಾರೆ, ಜಾತ್ರೆಯೊಂದಿಗೆ ಅದು ಮುಗಿಯುತ್ತದೆ. ದೀರ್ಘಕಾಲದ ನೋವಿಗೆ ಈ ಮೂರೂ ಇಲ್ಲ. ಅದು ಬೇಡದೆ ಬಂದದ್ದು, ಮನೆಯ ಮೂಲೆಯಲ್ಲಿ ಅನುಭವಿಸುವಂಥದ್ದು, ಮುಗಿಯುವ ದಿನ ತಿಳಿಯದ್ದು. ಆದ್ದರಿಂದಲೇ ಹರಕೆಯ ನೋವನ್ನು ಗೌರವಿಸುವ ಸಮಾಜವು ಹಾಸಿಗೆ ಹಿಡಿದವರ ನೋವಿನ ಮುಂದೆ ಹಲವೊಮ್ಮೆ ಮಾತಿಲ್ಲದಂತಾಗುತ್ತದೆ. ಹಲ್ಲು ಕಚ್ಚಿ ಸಹಿಸಿಕೊಳ್ಳುವುದು, ನೋವು ನುಂಗುವುದು ಎಂಬ ನುಡಿಗಟ್ಟುಗಳು ಅಂಥ ಸಂದರ್ಭದಲ್ಲಿ ಸಾಂತ್ವನಕ್ಕಿಂತ ಹೆಚ್ಚಾಗಿ ವಿಧಿಯಂತೆ ಕೆಲಸ ಮಾಡುತ್ತವೆ.

ನೋವಿನ ಆಡುಮಾತು

ಈ ಭಾಗದಲ್ಲಿ ನೋವಿಗೆ ಬೇನೆ ಎಂಬುದು ಹಳೆಯ ಪದ. ಆಡುಮಾತಿನಲ್ಲಿ ಅದು ಬ್ಯಾನಿ. ಗಮನಾರ್ಹವೆಂದರೆ ಬ್ಯಾನಿ ಎಂದರೆ ನೋವೂ ಹೌದು, ರೋಗವೂ ಹೌದು. ನೋವು ಬೇರೆ, ಅದನ್ನು ಉಂಟುಮಾಡಿದ ರೋಗ ಬೇರೆ ಎಂಬ ಭೇದವನ್ನು ಈ ಪದ ಮಾಡುವುದಿಲ್ಲ. ರೋಗ ವಾಸಿಯಾಗದಿದ್ದರೂ ನೋವನ್ನು ಮಾತ್ರ ಕಡಿಮೆ ಮಾಡಬಹುದೆಂಬ ವಿಚಾರವನ್ನು ರೋಗಿಯ ಮನೆಯವರಿಗೆ ತಿಳಿಸುವಾಗ ಎದುರಾಗುವ ಮೊದಲ ತೊಡಕು ಇದೇ. ಬ್ಯಾನಿ ಹೋಗಲಿಲ್ಲವೆಂದ ಮೇಲೆ ಮದ್ದು ಏತಕ್ಕೆ ಎಂಬ ಪ್ರಶ್ನೆ ಪದದ ಅರ್ಥದಿಂದಲೇ ಹುಟ್ಟುತ್ತದೆ.

ಬೇನೆಯ ಜೊತೆಗೆ ಮರಾಠಿಯಿಂದ ಬಂದ ತ್ರಾಸು, ಉರ್ದುವಿನ ದರ್ದ್ ಮುಂತಾದ ಪದಗಳೂ ಬಳಕೆಯಲ್ಲಿವೆ. ಬೇನೆಯ ಬಗೆಗಳನ್ನು ಹೇಳುವ ಕ್ರಿಯಾಪದಗಳು ಇನ್ನೂ ಸೂಕ್ಷ್ಮವಾಗಿವೆ. ತಲೆ ಸಿಡಿಯುತ್ತದೆ, ಕೈಕಾಲು ಕಡಿಯುತ್ತವೆ, ನಡ ಹಿಡಿಯುತ್ತದೆ, ನರ ಸೆಳೆಯುತ್ತದೆ, ಎದೆ ಚುಚ್ಚುತ್ತದೆ, ಹೊಟ್ಟೆ ಮುರಿಯುತ್ತದೆ, ಅಂಗಾಲು ಉರಿಯುತ್ತದೆ, ಪಾದ ಜುಮುಜುಮು ಎನ್ನುತ್ತದೆ. ಇವು ಬರಿಯ ಅಲಂಕಾರದ ಮಾತುಗಳಲ್ಲ. ಉರಿ, ಜುಮುಜುಮು, ಸೆಳೆತಗಳು ನರಸಂಬಂಧಿ ನೋವಿನ ಸಾಮಾನ್ಯ ಲಕ್ಷಣಗಳು. ಕಡಿತ ಮತ್ತು ಹಿಡಿತಗಳು ಸ್ನಾಯು ಹಾಗೂ ಕೀಲುಗಳ ನೋವನ್ನು ಸೂಚಿಸುವುದು ಹೆಚ್ಚು. ಹೊಟ್ಟೆ ಮುರಿತ ಒಳಾಂಗಗಳ ನೋವಿನ ಸ್ವರೂಪ. ಈ ಬಗೆಗಳಿಗೆ ಚಿಕಿತ್ಸೆಯೂ ಬೇರೆ ಬೇರೆ. ನರದ ಉರಿಗೆ ಸಾಮಾನ್ಯ ನೋವುನಿವಾರಕ ಗುಳಿಗೆಗಳು ಅಷ್ಟಾಗಿ ನಾಟುವುದಿಲ್ಲ. ಅದಕ್ಕೆ ಬೇರೆ ವರ್ಗದ ಔಷಧಿಗಳಿವೆ. ಅಂದರೆ ರೋಗಿಯು ಆಡುವ ಕ್ರಿಯಾಪದವೇ ವೈದ್ಯನಿಗೆ ದೊರೆಯುವ ಮೊದಲ ಪರೀಕ್ಷಾ ವರದಿ.

ಕೆನಡಾದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜಾಕ್ ಅವರು 1975ರಲ್ಲಿ ಪ್ರಕಟಿಸಿದ ಮೆಕ್‌ಗಿಲ್ ನೋವಿನ ಪ್ರಶ್ನಾವಳಿಯು ಇದೇ ತಳಹದಿಯ ಮೇಲೆ ನಿಂತಿದೆ. ನೋವನ್ನು ವರ್ಣಿಸುವ 78 ಇಂಗ್ಲಿಷ್ ಪದಗಳನ್ನು ಅವರು 20 ಗುಂಪುಗಳಾಗಿ ವಿಂಗಡಿಸಿದರು. ಆಡುಮಾತಿನ ಸಂಗ್ರಹವು ಚಿಕಿತ್ಸೆಯ ಸಾಧನವಾದುದಕ್ಕೆ ಇದೊಂದು ಪ್ರಸಿದ್ಧ ನಿದರ್ಶನ. ಗಡಿಭಾಗದ ಕನ್ನಡದ ಪದಸಂಪತ್ತನ್ನೂ ಹೀಗೆ ವಿಂಗಡಿಸಲು ಸಾಧ್ಯವಿದೆ.

ನೋವಿನ ಪ್ರಮಾಣವನ್ನು ಅಳೆಯುವ ವಿಚಾರದಲ್ಲೂ ಇಂಥದೇ ಅಂಶವಿದೆ. ಆಸ್ಪತ್ರೆಗಳಲ್ಲಿ ಸೊನ್ನೆಯಿಂದ ಹತ್ತರವರೆಗಿನ ಅಂಕಗಳಲ್ಲಿ ನೋವನ್ನು ಸೂಚಿಸುವಂತೆ ಕೇಳುವ ರೂಢಿಯಿದೆ. ಶಾಲೆಯ ಅಂಕಪದ್ಧತಿಯನ್ನು ಅರಿಯದ ಹಿರಿಯರಿಗೆ ಈ ಪ್ರಶ್ನೆ ಅರ್ಥವಾಗುವುದು ಕಷ್ಟ. ಆದರೆ ಅವರಿಗೂ ತಮ್ಮದೇ ಮಾಪನವಿದೆ. ಅದು ರೂಪಾಯಿಯ ಆಣೆಗಳ ಲೆಕ್ಕ. ನಾಲ್ಕಾಣೆ ಕಡಿಮೆಯಾಗಿದೆ, ಎಂಟಾಣೆ ಆರಾಮಾಗಿದೆ, ಬಾರಾಣೆ ಹೋಗಿದೆ ಎಂಬ ಮಾತುಗಳಲ್ಲಿ ನೋವಿನ ಇಳಿಕೆ ಖಚಿತವಾಗಿ ವ್ಯಕ್ತವಾಗುತ್ತದೆ. ಇನ್ನೊಂದು ಮಾಪನ ಕೆಲಸದ್ದು. ಕುಳಿತು ರೊಟ್ಟಿ ಬಡಿಯಲು ಆಗುತ್ತದೆಯೇ, ಹೊಲದ ತನಕ ನಡೆಯಲು ಆಗುತ್ತದೆಯೇ, ರಾತ್ರಿ ಮಗ್ಗುಲು ಬದಲಿಸಲು ಆಗುತ್ತದೆಯೇ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರ ಅಂಕಗಳಿಗಿಂತ ಹೆಚ್ಚು ವಿಶ್ವಾಸಾರ್ಹ. ದೀರ್ಘಕಾಲದ ನೋವಿನ ಚಿಕಿತ್ಸೆಯ ಗುರಿ ನೋವನ್ನು ಸಂಪೂರ್ಣ ಅಳಿಸುವುದಕ್ಕಿಂತ ಬದುಕಿನ ಚಟುವಟಿಕೆಯನ್ನು ಮರಳಿಸುವುದೆಂದು ಇಂದಿನ ವೈದ್ಯವಿಜ್ಞಾನವೂ ಹೇಳುತ್ತದೆ.

ಅಫೀಮು: ಹೆಸರು ಮತ್ತು ಅಳತೆ

ಅಫೀಮು ಗಸಗಸೆ ಗಿಡದ ಎಳೆಯ ಕಾಯಿಗೆ ಗೀರು ಹಾಕಿದಾಗ ಒಸರುವ ಹಾಲು ಗಟ್ಟಿಯಾಗಿ ಸಿದ್ಧವಾಗುವ ವಸ್ತು. ಗ್ರೀಕ್ ಭಾಷೆಯ ಓಪಿಯಾನ್ ಎಂಬ ಪದ ಅರಬ್ಬಿಯಲ್ಲಿ ಅಫ್ಯೂನ್ ಆಗಿ, ಭಾರತೀಯ ಭಾಷೆಗಳಲ್ಲಿ ಅಫೀಮು, ಅಫು ಮುಂತಾದ ರೂಪಗಳನ್ನು ತಾಳಿತು. ಸಂಸ್ಕೃತದಲ್ಲಿ ಅದು ಅಹಿಫೇನವಾಯಿತು. ಅಂದರೆ ಹಾವಿನ ನೊರೆ. ಹೊರಗಿನಿಂದ ಬಂದ ಪದವೊಂದಕ್ಕೆ ಪರಿಚಿತ ಧ್ವನಿಗಳಿಂದ ಹೊಸ ಅರ್ಥ ಕಟ್ಟುವ ಈ ಕ್ರಮ ಜನಪದ ನಿರುಕ್ತಿಯ ಉತ್ತಮ ಉದಾಹರಣೆ. ಹೆಸರಿನಲ್ಲಿಯೇ ಹಾವನ್ನು ಇರಿಸಿದ್ದರಿಂದ ವಸ್ತುವಿನ ಗುಣವೂ ಎಚ್ಚರಿಕೆಯೂ ಒಟ್ಟಿಗೆ ಉಳಿದುಬಂದವು.

ಆಯುರ್ವೇದದಲ್ಲಿ ಅಫೀಮಿನ ಉಲ್ಲೇಖ ಶಾರ್ಙ್ಗಧರ ಸಂಹಿತೆಯ ಕಾಲದಿಂದ ಕಂಡುಬರುತ್ತದೆ. ಅದನ್ನು ಉಪವಿಷಗಳ ಸಾಲಿನಲ್ಲಿ ಸೇರಿಸಿ, ಶುಂಠಿಯ ರಸದಲ್ಲಿ ಭಾವನೆ ಕೊಟ್ಟು ಶೋಧಿಸಿದ ಮೇಲೆಯೇ ಬಳಸಬೇಕೆಂದು ವಿಧಿಸಲಾಗಿದೆ. ಯುನಾನಿ ಪದ್ಧತಿಯು ಅದನ್ನು ಅತ್ಯಂತ ಶೀತಗುಣದ ದ್ರವ್ಯವೆಂದು ಪರಿಗಣಿಸಿ, ಅದರ ದೋಷವನ್ನು ತಗ್ಗಿಸುವ ಮುಸ್ಲಿಹ್ ಎಂಬ ಪರಿಹಾರ ದ್ರವ್ಯಗಳೊಂದಿಗೆ ಕೊಡುತ್ತದೆ. ಕನ್ನಡದಲ್ಲಿಯೂ ಹದಿನಾಲ್ಕನೆಯ ಶತಮಾನದ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯ ಗ್ರಂಥವನ್ನು ರಚಿಸಿದ್ದಾನೆ. ವಿಷ ಮತ್ತು ಔಷಧಗಳು ಎರಡು ಬೇರೆ ವಸ್ತುಗಳಲ್ಲ, ಒಂದೇ ವಸ್ತುವಿನ ಎರಡು ಅಳತೆಗಳು ಎಂಬ ತಿಳಿವಳಿಕೆ ಈ ಪರಂಪರೆಗಳೆಲ್ಲದರ ಹಿಂದೆ ಇದೆ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆಯ ತಾತ್ಪರ್ಯವೂ ಇದೇ.

ಮನೆಮದ್ದಿನಲ್ಲಿ ಈ ಅಳತೆಯ ಪ್ರಜ್ಞೆ ಇನ್ನೂ ಸ್ಪಷ್ಟವಾಗಿದೆ. ಕೂಸುಗಳಿಗೆ ಬಜೆ, ಜಾಯಿಕಾಯಿ, ಹರಡೆಕಾಯಿ, ಮಾಚಿಕಾಯಿಗಳನ್ನು ಕಲ್ಲಿನ ಮೇಲೆ ತೇಯ್ದು ನೆಕ್ಕಿಸುವ ರೂಢಿ ಉತ್ತರ ಕರ್ನಾಟಕದಲ್ಲೆಲ್ಲ ಇದೆ. ಇಲ್ಲಿ ಮದ್ದಿನ ಪ್ರಮಾಣವನ್ನು ತೂಕದಿಂದ ಹೇಳುವುದಿಲ್ಲ. ಎಷ್ಟು ಸುತ್ತು ತೇಯಬೇಕೆಂಬುದರಿಂದ ಹೇಳುತ್ತಾರೆ. ಕೂಸಿನ ವಯಸ್ಸು ಏರಿದಂತೆ ಸುತ್ತು ಏರುತ್ತದೆ. ಅಕ್ಕಸಾಲಿಗರ ಮತ್ತು ವೈದ್ಯರ ಗುಲಗಂಜಿ ತೂಕವೂ ಇಂಥ ಸೂಕ್ಷ್ಮ ಅಳತೆಯೇ.

ಆದರೆ ಪರಂಪರೆಯನ್ನು ವಿಮರ್ಶೆಯಿಲ್ಲದೆ ಹೊಗಳುವುದು ಸಲ್ಲದು. ಅಳುವ ಮಗುವನ್ನು ಮಲಗಿಸಲು ಅಫೀಮಿನ ಚೂರು ಕೊಡುತ್ತಿದ್ದ ಪದ್ಧತಿ ಭಾರತದ ಹಲವೆಡೆ ಇತ್ತು. ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಕೂಸುಗಳಿಗೆ ಬಾಳಗೋಳಿ ಎಂಬ ಅಫೀಮಿನ ಗುಳಿಗೆ ಕೊಡುತ್ತಿದ್ದುದು ಇಪ್ಪತ್ತನೆಯ ಶತಮಾನದ ಆರಂಭದ ವರದಿಗಳಲ್ಲಿ ದಾಖಲಾಗಿದೆ. ಕೂಸಿನ ಉಸಿರಾಟವನ್ನು ಕುಗ್ಗಿಸಿ ಪ್ರಾಣಕ್ಕೆ ಎರವಾಗುವ ಈ ರೂಢಿ ಅಜ್ಞಾನದಿಂದ ಮಾತ್ರ ಹುಟ್ಟಿದ್ದಲ್ಲ. ದುಡಿಮೆಯ ಒತ್ತಡದಿಂದ ಹುಟ್ಟಿದ್ದು. ಹಾಗೆಯೇ ನೋವಿನ ಜಾಗಕ್ಕೆ ಕಾದ ಕಬ್ಬಿಣದಿಂದ ಬರೆ ಹಾಕುವ, ಚುಟಿಗೆ ಇಡುವ ಪದ್ಧತಿಯೂ ಇದೆ. ಒಂದು ನೋವಿನಿಂದ ಇನ್ನೊಂದು ನೋವನ್ನು ಮರೆಸುವ ಈ ಉಪಾಯ ಗಾಯ, ಕೀವು, ಸೋಂಕುಗಳಿಗೆ ದಾರಿ ಮಾಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯಲ್ಲಿ ಚಿಕಿತ್ಸೆ ತಪ್ಪು ಮೈಗೆ ಬೀಳುವ ಅಪಾಯವನ್ನು ಜನಪದವೇ ಗೇಲಿ ಮಾಡಿದೆ.

ಕಾನೂನಿನ ಹಾದಿ

ಬ್ರಿಟಿಷ್ ಆಡಳಿತದಲ್ಲಿ ಅಫೀಮು ಸರ್ಕಾರದ ಏಕಸ್ವಾಮ್ಯದ ಸರಕಾಗಿತ್ತು. 1878ರ ಅಫೀಮು ಕಾಯಿದೆ ಅದರ ಉತ್ಪಾದನೆ ಮತ್ತು ಮಾರಾಟವನ್ನು ನಿಯಂತ್ರಿಸಿತು. 1893ರಲ್ಲಿ ನೇಮಕವಾದ ರಾಯಲ್ ಆಯೋಗ 1895ರಲ್ಲಿ ತನ್ನ ವರದಿ ನೀಡಿತು. ಸ್ವಾತಂತ್ರ್ಯಾನಂತರ 1949ರ ಅಖಿಲ ಭಾರತ ಅಫೀಮು ಸಮ್ಮೇಳನವು ವೈದ್ಯಕೀಯವಲ್ಲದ ಬಳಕೆಯನ್ನು ಹತ್ತು ವರ್ಷಗಳಲ್ಲಿ ನಿಲ್ಲಿಸಲು ನಿರ್ಧರಿಸಿತು. ಇಂದು ಅಫೀಮಿನ ಪರವಾನಗಿ ಬೇಸಾಯ ಮಧ್ಯಪ್ರದೇಶ, ರಾಜಸ್ಥಾನ ಮತ್ತು ಉತ್ತರಪ್ರದೇಶಗಳ ಆಯ್ದ ಭಾಗಗಳಲ್ಲಿ ಮಾತ್ರ ನಡೆಯುತ್ತದೆ.

1985ರ ಮಾದಕ ದ್ರವ್ಯಗಳ ಮತ್ತು ಮನೋಪ್ರಭಾವಕ ವಸ್ತುಗಳ ಕಾಯಿದೆಯು ಈ ಕಥನದ ನಿರ್ಣಾಯಕ ಘಟ್ಟ. ಅಕ್ರಮ ಸಾಗಣೆಯನ್ನು ತಡೆಯುವುದು ಅದರ ಮುಖ್ಯ ಉದ್ದೇಶ. ಆದರೆ ಕಠಿಣ ಶಿಕ್ಷೆಯ ಭಯ ಮತ್ತು ಹಲವು ಇಲಾಖೆಗಳಿಂದ ಪಡೆಯಬೇಕಾಗಿದ್ದ ಪರವಾನಗಿಗಳ ತೊಡಕಿನಿಂದ ಆಸ್ಪತ್ರೆಗಳು ಮಾರ್ಫಿನ್ ಇರಿಸುವುದನ್ನೇ ಕೈಬಿಟ್ಟವು. ಮುಂದಿನ ಹನ್ನೆರಡು-ಹದಿಮೂರು ವರ್ಷಗಳಲ್ಲಿ ದೇಶದ ವೈದ್ಯಕೀಯ ಮಾರ್ಫಿನ್ ಬಳಕೆ ಶೇಕಡ 90ಕ್ಕೂ ಹೆಚ್ಚು ಕುಸಿಯಿತು. ಜಗತ್ತಿಗೆ ಔಷಧಿಗಾಗಿ ಅಫೀಮು ಒದಗಿಸುವ ದೇಶದಲ್ಲಿಯೇ ಕ್ಯಾನ್ಸರ್ ರೋಗಿಗಳು ನೋವಿನಲ್ಲಿ ಸಾಯುವಂತಾಯಿತು. ಒಂದು ಇಡೀ ಪೀಳಿಗೆಯ ವೈದ್ಯರು ಮಾರ್ಫಿನ್ ಬರೆಯುವುದನ್ನು ಕಲಿಯದೆಯೇ ವೃತ್ತಿಗೆ ಬಂದರು.

1993ರಲ್ಲಿ ಕೋಳಿಕ್ಕೋಡಿನಲ್ಲಿ ಆರಂಭವಾದ ನೋವು ಮತ್ತು ಉಪಶಾಮಕ ಆರೈಕೆಯ ಸಂಘಟನೆ, ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರ ದೀರ್ಘ ಪ್ರಯತ್ನ ಈ ಸ್ಥಿತಿಯನ್ನು ಬದಲಿಸುವಲ್ಲಿ ಪ್ರಮುಖ ಪಾತ್ರ ವಹಿಸಿದವು. 2014ರಲ್ಲಿ ಸಂಸತ್ತು ಕಾಯಿದೆಗೆ ತಿದ್ದುಪಡಿ ತಂದು ಅತ್ಯಾವಶ್ಯಕ ಮಾದಕ ಔಷಧಿಗಳೆಂಬ ವರ್ಗವನ್ನು ರೂಪಿಸಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೋಡೋನ್, ಹೈಡ್ರೋಕೋಡೋನ್ ಮತ್ತು ಕೋಡೀನ್ ಈ ವರ್ಗಕ್ಕೆ ಸೇರಿದವು. ಹಲವು ಪರವಾನಗಿಗಳ ಬದಲು ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಇವುಗಳನ್ನು ಇರಿಸಿಕೊಂಡು ರೋಗಿಗಳಿಗೆ ನೀಡುವ ವ್ಯವಸ್ಥೆ ಬಂತು. ಕರ್ನಾಟಕವು 2016ರಲ್ಲಿ ತನ್ನ ಉಪಶಾಮಕ ಆರೈಕೆಯ ನೀತಿಯನ್ನು ಪ್ರಕಟಿಸಿತು. ಇನ್ನೊಂದೆಡೆ, ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತಿದ್ದ ಟ್ರಮಡಾಲ್ ಗುಳಿಗೆಯ ದುರ್ಬಳಕೆ ಹೆಚ್ಚಿದುದರಿಂದ ಅದನ್ನು 2018ರಲ್ಲಿ ಈ ಕಾಯಿದೆಯ ವ್ಯಾಪ್ತಿಗೆ ತರಲಾಯಿತು.

ಕಾನೂನು ಬದಲಾದರೂ ಭಯ ಅಷ್ಟು ಬೇಗ ಬದಲಾಗುವುದಿಲ್ಲ. ನೋವು ಪರಿಹಾರದ ಅಸಮಾನತೆಯನ್ನು ಕುರಿತ ಲ್ಯಾನ್ಸೆಟ್ ಆಯೋಗದ 2017ರ ವರದಿಯ ಪ್ರಕಾರ ಭಾರತದಲ್ಲಿ ಉಪಶಾಮಕ ಆರೈಕೆ ಬೇಕಾದ ಪ್ರತಿ ರೋಗಿಗೆ ವರ್ಷಕ್ಕೆ ದೊರೆಯುತ್ತಿದ್ದ ಮಾರ್ಫಿನ್ ಸಮಾನ ಔಷಧಿ 43 ಮಿಲಿಗ್ರಾಂ. ಅದು ಅಗತ್ಯದ ಶೇಕಡ 4 ಮಾತ್ರ. ಅಮೆರಿಕದಲ್ಲಿ ಅದೇ ಪ್ರಮಾಣ 55 ಸಾವಿರ ಮಿಲಿಗ್ರಾಂಗಿಂತ ಹೆಚ್ಚು. ಅಲ್ಲಿ 1990ರ ದಶಕದಿಂದ ಇಂಥ ಗುಳಿಗೆಗಳನ್ನು ಎಲ್ಲ ಬಗೆಯ ನೋವಿಗೂ ಧಾರಾಳವಾಗಿ ಬರೆದುದರ ಫಲವಾಗಿ ವ್ಯಸನ ಹಬ್ಬಿತು. ಮುಂದೆ ಕಳ್ಳಮಾರುಕಟ್ಟೆಯ ಹೆರಾಯಿನ್ ಮತ್ತು ಫೆಂಟನಿಲ್ ಅದರೊಂದಿಗೆ ಸೇರಿ, 2021ರ ಒಂದೇ ವರ್ಷದಲ್ಲಿ ಈ ವರ್ಗದ ದ್ರವ್ಯಗಳ ಮಿತಿಮೀರಿದ ಸೇವನೆಯಿಂದ 80 ಸಾವಿರಕ್ಕೂ ಹೆಚ್ಚು ಜನ ಸತ್ತರು. ಒಂದೆಡೆ ಬರ, ಇನ್ನೊಂದೆಡೆ ಪ್ರವಾಹ. ಎರಡೂ ಅಳತೆ ತಪ್ಪಿದುದರ ಫಲಗಳೇ.

ಅಮಲು, ರೂಢಿ, ಚಟ

ಚಿಂತಾಕಿಯಂಥ ಗಡಿ ಊರುಗಳಲ್ಲಿ ಮಾದಕ ದ್ರವ್ಯದ ಕಾಯಿದೆ ಎಂದ ಕೂಡಲೇ ಜನರ ನೆನಪಿಗೆ ಬರುವುದು ಗಾಂಜಾ ಸಾಗಣೆ ಮತ್ತು ಪೊಲೀಸ್ ತಪಾಸಣೆ. ಅಫೀಮಿನಿಂದ ಮಾಡಿದ ಗುಳಿಗೆ ಎಂದರೆ ಮನೆಯವರು ಹಿಂಜರಿಯುವುದು ಸಹಜ. ಈ ಹಿಂಜರಿಕೆಯನ್ನು ಬಿಡಿಸಲು ಆಡುಮಾತಿನಲ್ಲಿಯೇ ಇರುವ ಮೂರು ಪದಗಳ ಭೇದವನ್ನು ಸ್ಪಷ್ಟಪಡಿಸಿಕೊಳ್ಳುವುದು ಉಪಯುಕ್ತ.

ಅಮಲು ಅಥವಾ ನಶಾ ಎಂದರೆ ಮಂಪರು, ಮೈಮರೆವು. ಮಾರ್ಫಿನ್ ಆರಂಭಿಸಿದ ಮೊದಲ ಕೆಲವು ದಿನ ತೂಕಡಿಕೆ, ವಾಕರಿಕೆ ಕಾಣಿಸಿಕೊಳ್ಳಬಹುದು; ಸಾಮಾನ್ಯವಾಗಿ ಅವು ತಗ್ಗುತ್ತವೆ. ನೋವಿಗೆ ತಕ್ಕಷ್ಟೇ ಮದ್ದು ಪಡೆದ ರೋಗಿ ಎಚ್ಚರವಾಗಿಯೇ ಇದ್ದು ಮನೆಯವರೊಂದಿಗೆ ಮಾತನಾಡಬಲ್ಲ. ರೂಢಿ ಎಂದರೆ ಮೈ ಮದ್ದಿಗೆ ಒಗ್ಗುವುದು. ವಾರಗಟ್ಟಲೆ ಈ ಮದ್ದು ಪಡೆದ ಯಾವುದೇ ಶರೀರ ಅದಕ್ಕೆ ಒಗ್ಗಿಕೊಳ್ಳುತ್ತದೆ. ಥಟ್ಟನೆ ನಿಲ್ಲಿಸಿದರೆ ಬೆವರು, ನಡುಕ, ಭೇದಿ, ತಳಮಳ ಉಂಟಾಗುತ್ತವೆ. ಇದು ಶರೀರದ ಧರ್ಮವೇ ಹೊರತು ರೋಗಿಯ ದುರ್ಗುಣವಲ್ಲ. ಆದ್ದರಿಂದಲೇ ಮದ್ದನ್ನು ನಿಲ್ಲಿಸಬೇಕಾದಾಗ ವೈದ್ಯರ ಸೂಚನೆಯಂತೆ ಹಂತಹಂತವಾಗಿ ಇಳಿಸಬೇಕು. ಚಟವೆಂದರೆ ಹಾನಿಯಾಗುತ್ತಿದೆಯೆಂದು ತಿಳಿದರೂ ನೋವಿಗಲ್ಲದೆ ಅಮಲಿಗಾಗಿಯೇ ಮದ್ದನ್ನು ಬೆನ್ನಟ್ಟುವುದು, ಅದಕ್ಕಾಗಿ ಬದುಕಿನ ಉಳಿದುದೆಲ್ಲವನ್ನೂ ಕಡೆಗಣಿಸುವುದು. ರೂಢಿಯನ್ನು ಚಟವೆಂದು ತಿಳಿದು ರೋಗಿಯನ್ನು ಅವಮಾನಿಸುವುದು ಒಂದು ತಪ್ಪಾದರೆ, ಚಟದ ಲಕ್ಷಣವನ್ನು ಬರಿಯ ರೂಢಿಯೆಂದು ಅಲಕ್ಷಿಸುವುದು ಇನ್ನೊಂದು ತಪ್ಪು.

ಯಾವ ನೋವಿಗೆ ಯಾವ ಮದ್ದು

ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಕ್ಯಾನ್ಸರ್ ನೋವಿಗಾಗಿ ಮೂರು ಮೆಟ್ಟಿಲುಗಳ ಕ್ರಮವನ್ನು ಸೂಚಿಸಿತು. ಮೊದಲ ಮೆಟ್ಟಿಲಲ್ಲಿ ಪ್ಯಾರಾಸಿಟಮಾಲ್‌ನಂಥ ಸಾಮಾನ್ಯ ಗುಳಿಗೆಗಳು, ಎರಡನೆಯದರಲ್ಲಿ ಕೋಡೀನ್‌ನಂಥ ಸೌಮ್ಯ ಓಪಿಯಾಯ್ಡ್‌ಗಳು, ಮೂರನೆಯದರಲ್ಲಿ ಮಾರ್ಫಿನ್. ಮದ್ದನ್ನು ಬಾಯಿಯ ಮೂಲಕ, ಗಡಿಯಾರದ ಲೆಕ್ಕದಲ್ಲಿ ಕೊಡಬೇಕೆಂಬುದು ಅದರ ಮುಖ್ಯ ತತ್ತ್ವ. ಸಾಧಾರಣ ಮಾರ್ಫಿನ್ ಗುಳಿಗೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಇರುವುದರಿಂದ, ನೋವು ಕೆರಳುವವರೆಗೆ ಕಾಯದೆ ಮುಂದಿನ ಗುಳಿಗೆ ಕೊಡಬೇಕಾಗುತ್ತದೆ. ಅನಂತರದ ವರ್ಷಗಳಲ್ಲಿ ಮೆಟ್ಟಿಲುಗಳ ಬಿಗಿ ಸಡಿಲವಾಗಿದೆ. ನೋವು ತೀವ್ರವಾಗಿದ್ದರೆ ನೇರವಾಗಿ ಮಾರ್ಫಿನ್‌ನಿಂದಲೇ ಆರಂಭಿಸುವುದುಂಟು.

ನಡು, ಮೊಣಕಾಲುಗಳ ಸವೆತದ ನೋವಿನ ವಿಚಾರ ಬೇರೆ. 2018ರಲ್ಲಿ ಪ್ರಕಟವಾದ, 240 ರೋಗಿಗಳನ್ನು ಒಂದು ವರ್ಷ ಪರಿಶೀಲಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ ದೀರ್ಘಕಾಲದ ಬೆನ್ನು, ಸೊಂಟ, ಮೊಣಕಾಲು ನೋವಿಗೆ ಓಪಿಯಾಯ್ಡ್‌ಗಳು ಇತರ ನೋವುನಿವಾರಕಗಳಿಗಿಂತ ಮೇಲಲ್ಲವೆಂದು ಕಂಡುಬಂತು. ಅಡ್ಡಪರಿಣಾಮಗಳು ಮಾತ್ರ ಹೆಚ್ಚಿದ್ದವು. ಇಂಥ ನೋವಿಗೆ ವ್ಯಾಯಾಮ, ದೈಹಿಕ ಚಿಕಿತ್ಸೆ, ಕೆಲಸದ ಭಂಗಿಯ ಬದಲಾವಣೆ, ತೂಕದ ನಿಯಂತ್ರಣ, ಅಗತ್ಯಕ್ಕೆ ತಕ್ಕ ಇತರ ಔಷಧಿ ಇವು ಮೊದಲು ಬರಬೇಕು. ಹಳ್ಳಿಗಳಲ್ಲಿ ವಾಸ್ತವವಾಗಿ ನಡೆಯುವುದು ಇನ್ನೊಂದು. ವೈದ್ಯ ಪದವಿಯಿಲ್ಲದವರಿಂದ ಸೂಜಿ ಚುಚ್ಚಿಸಿಕೊಳ್ಳುವುದು, ಅಂಗಡಿಯಿಂದ ನೋವಿನ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗುವುದು ಸಾಮಾನ್ಯ. ಅಂಥ ಗುಳಿಗೆಗಳಲ್ಲಿ ಹಲವು ಜಠರದ ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ಹಾನಿಗೆ ಕಾರಣವಾಗಬಲ್ಲವು. ಸ್ಟೀರಾಯ್ಡ್‌ನ ಪುನರಾವರ್ತಿತ ಬಳಕೆ ಮೂಳೆಯನ್ನು ಸವೆಸುತ್ತದೆ. ಹೀಗೆ ಅಫೀಮಿನ ಹೆಸರಿಗೆ ಹೆದರುವ ಸಮಾಜವು ಹೆಸರಿಲ್ಲದ ಗುಳಿಗೆಗೆ ಹೆದರುವುದಿಲ್ಲವೆಂಬುದು ವಿಪರ್ಯಾಸ.

ಪಥ್ಯವೆಂಬ ಜನಪದ ವಿವೇಕ

ನಾಟಿ ವೈದ್ಯದಲ್ಲಿ ಮದ್ದು ಎಂದಿಗೂ ಒಂಟಿಯಾಗಿ ಬರುವುದಿಲ್ಲ. ಅದರೊಂದಿಗೆ ಪಥ್ಯ ಬರುತ್ತದೆ. ಏನನ್ನು ತಿನ್ನಬಾರದು, ಯಾವ ಹೊತ್ತಿಗೆ ಮದ್ದು ತೆಗೆದುಕೊಳ್ಳಬೇಕು, ಯಾರು ಕೊಡಬೇಕು, ಎಷ್ಟು ದಿನ ಕೊಡಬೇಕು ಎಂಬ ನಿಯಮಗಳ ಸಮೂಹವೇ ಪಥ್ಯ. ಮಾರ್ಫಿನ್‌ನ ಹೊಣೆಯರಿತ ಬಳಕೆಯನ್ನು ಮನೆಯವರಿಗೆ ತಿಳಿಸಲು ಇದಕ್ಕಿಂತ ಸೂಕ್ತ ಪರಿಕಲ್ಪನೆ ಬೇರೊಂದಿಲ್ಲ.

ಈ ಮದ್ದಿನ ಪಥ್ಯವನ್ನು ಹೀಗೆ ಹೇಳಬಹುದು. ಹೆಂಡ, ಶಿಂದಿ, ಸಾರಾಯಿಗಳನ್ನು ಸೇವಿಸಕೂಡದು. ನಿದ್ರೆಗುಳಿಗೆಗಳನ್ನು ವೈದ್ಯರಿಗೆ ತಿಳಿಸದೆ ಸೇರಿಸಕೂಡದು. ಇವು ಮಾರ್ಫಿನ್‌ನೊಂದಿಗೆ ಕೂಡಿದರೆ ಉಸಿರಾಟ ಕುಗ್ಗಿ ಪ್ರಾಣಾಪಾಯವಾಗಬಹುದು. ಮಲಬದ್ಧತೆ ಈ ಮದ್ದಿನ ಬಿಡದ ಸಂಗಾತಿ. ಅದು ತಾನಾಗಿ ತಗ್ಗುವುದಿಲ್ಲವಾದ್ದರಿಂದ ವೈದ್ಯರು ಬರೆದುಕೊಟ್ಟ ವಿರೇಚಕವನ್ನು ಮೊದಲ ದಿನದಿಂದಲೇ ತೆಗೆದುಕೊಳ್ಳಬೇಕು. ನೋವು ಹೆಚ್ಚಾಯಿತೆಂದು ಅಳತೆಯನ್ನು ತಾನಾಗಿ ಏರಿಸಬಾರದು. ಆರಾಮಾಯಿತೆಂದು ಥಟ್ಟನೆ ಬಿಡಲೂಬಾರದು. ಒಬ್ಬರಿಗೆ ಬರೆದುದನ್ನು ಇನ್ನೊಬ್ಬರು, ನೋವು ಒಂದೇ ತೆರನಾಗಿ ಕಂಡರೂ, ನುಂಗಬಾರದು. ಗುಳಿಗೆಗಳನ್ನು ಮಕ್ಕಳ ಕೈಗೆ ಎಟುಕದಂತೆ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡಬೇಕು. ಮನೆಯ ಒಬ್ಬರೇ ಲೆಕ್ಕವಿಟ್ಟು ಕೊಡಬೇಕು. ಉಳಿದವುಗಳನ್ನು ಆಸ್ಪತ್ರೆಗೆ ಹಿಂದಿರುಗಿಸಬೇಕು. ರೋಗಿ ಎಬ್ಬಿಸಿದರೂ ಏಳದಷ್ಟು ಮಂಪರಿನಲ್ಲಿದ್ದರೆ, ಉಸಿರು ತೀರ ನಿಧಾನವಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಇಂಥ ಸ್ಥಿತಿಗೆ ನಲಾಕ್ಸೋನ್ ಎಂಬ ಪ್ರತಿಮದ್ದು ಇದೆ.

ಸುತ್ತು ಎಣಿಸಿ ಮದ್ದು ತೇಯ್ದ ಅಜ್ಜಿಯ ಕೈಗೆ ಈ ನಿಯಮಗಳು ಹೊಸವೇನಲ್ಲ. ಅಳತೆ, ಹೊತ್ತು, ಪಥ್ಯ, ಕಾವಲು ಎಂಬ ನಾಲ್ಕೂ ಆಕೆಯ ವೈದ್ಯದಲ್ಲಿ ಮೊದಲಿನಿಂದ ಇವೆ.

ದೂರದ ಸಮಸ್ಯೆ

ತಿಳಿವಳಿಕೆ ಎಷ್ಟೇ ಇದ್ದರೂ ಮದ್ದು ಕೈಗೆಟುಕದಿದ್ದರೆ ವ್ಯರ್ಥ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಹಾಗೂ 1999ರಿಂದ ಕ್ಯಾನ್ಸರ್ ರೋಗಿಗಳ ಕೊನೆಯ ದಿನಗಳಿಗೆ ಉಚಿತ ಆರೈಕೆ ನೀಡುತ್ತಿರುವ ಕರುಣಾಶ್ರಯಗಳಿವೆ. ಆದರೆ ಔರಾದ್ ಸೀಮೆಯವರಿಗೆ ಬೆಂಗಳೂರು ರಾಜ್ಯದ ಇನ್ನೊಂದು ತುದಿ. ಕಲಬುರಗಿಯ ಕಿದ್ವಾಯಿ ಕೇಂದ್ರ, ಹೈದರಾಬಾದಿನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ, ಮಹಾರಾಷ್ಟ್ರದ ಬಾರ್ಶಿ, ಸೊಲ್ಲಾಪುರಗಳತ್ತ ಅವರು ಮುಖ ಮಾಡುತ್ತಾರೆ. ಬೀದರದಲ್ಲಿ 2007ರಲ್ಲಿ ಆರಂಭವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಜಿಲ್ಲೆಯ ದೊಡ್ಡ ಸರ್ಕಾರಿ ಆಸ್ಪತ್ರೆ. ಹಾಸಿಗೆ ಹಿಡಿದ ರೋಗಿಯನ್ನು ಎರಡು ವಾರಕ್ಕೊಮ್ಮೆ ರಾಜ್ಯದ ಗಡಿ ದಾಟಿಸಿ ಕರೆದೊಯ್ಯುವ ಖರ್ಚು ಕೂಲಿಯ ಮನೆಯನ್ನು ಸಾಲಕ್ಕೆ ತಳ್ಳುತ್ತದೆ. ಆಗ ಕೈಬಿಡುವುದು ಚಿಕಿತ್ಸೆಯನ್ನಲ್ಲ, ನೋವಿನ ಮದ್ದನ್ನು.

ಕೇರಳದ ಅನುಭವ ಇಲ್ಲಿ ಮಾರ್ಗದರ್ಶಕ. ಅಲ್ಲಿ ನೆರೆಹೊರೆಯ ಸ್ವಯಂಸೇವಕರು ತರಬೇತಿ ಪಡೆದು, ದಾದಿಯರೊಂದಿಗೆ ರೋಗಿಯ ಮನೆಗೇ ಹೋಗುತ್ತಾರೆ. ಮನೆಯ ಬಾಗಿಲಿಗೆ ಬರುವ ಆರೈಕೆಯ ಕಲ್ಪನೆ ಬೀದರ್ ಸೀಮೆಗೂ ಪರಕೀಯವಲ್ಲ. ಬಾಣಂತನಕ್ಕೆ ಸೂಲಗಿತ್ತಿ, ಮುರಿದ ಮೂಳೆಗೆ ಕಟ್ಟುವವನು ಮನೆಗೇ ಬರುತ್ತಿದ್ದ ನಾಡು ಇದು. ಆಶಾ ಕಾರ್ಯಕರ್ತೆಯರು ಇಂದು ಮನೆಮನೆಗೆ ತೆರಳುತ್ತಿದ್ದಾರೆ. ಅವರಿಗೆ ನೋವನ್ನು ಕೇಳುವ, ಗುರುತಿಸುವ, ವರದಿ ಮಾಡುವ ತರಬೇತಿ ದೊರೆತರೆ, ಮಾನ್ಯತೆ ಪಡೆದ ಸಂಸ್ಥೆ ತಾಲ್ಲೂಕು ಮಟ್ಟದಲ್ಲಿ ಇದ್ದರೆ, ದೂರದ ಸಮಸ್ಯೆಗೆ ಬಹುಪಾಲು ಪರಿಹಾರ ಸಿಗುತ್ತದೆ.

ಸಮಾರೋಪ

ಈ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಗಡಿಭಾಗದ ಕನ್ನಡದಲ್ಲಿ ನೋವನ್ನು ಬಗೆಗೊಳಿಸುವ, ಅಳೆಯುವ ಸಮೃದ್ಧ ಭಾಷೆಯಿದೆ. ಆದರೆ ರೋಗ ಮತ್ತು ನೋವುಗಳನ್ನು ಬೇರ್ಪಡಿಸಿ ಹೇಳುವಲ್ಲಿ ಅದಕ್ಕೆ ನೆರವು ಬೇಕು. ಅಫೀಮಿನ ಬಗ್ಗೆ ಪರಂಪರೆಯಲ್ಲಿದ್ದುದು ಕುರುಡು ಭಯವಲ್ಲ, ಅಳತೆಯ ಎಚ್ಚರ. ಕಾನೂನಿನ ಕಾಠಿಣ್ಯದಿಂದ ಆ ಎಚ್ಚರ ಭಯವಾಗಿ ಮಾರ್ಪಟ್ಟಿದೆ. ಕೊನೆಗಾಲದ ತೀವ್ರ ನೋವಿಗೆ ಮಾರ್ಫಿನ್ ನಿರಾಕರಿಸುವುದು ಎಷ್ಟು ಅನ್ಯಾಯವೋ, ಸವೆದ ಮೊಣಕಾಲಿಗೆ ಅದನ್ನು ವರ್ಷಗಟ್ಟಲೆ ಕೊಡುವುದು ಅಷ್ಟೇ ಅವಿವೇಕ.

ಜಾನಪದ ಅಧ್ಯಯನಕ್ಕೆ ಇಲ್ಲಿ ನಿರ್ದಿಷ್ಟ ಕೆಲಸವಿದೆ. ಔರಾದ್, ಭಾಲ್ಕಿ, ಬೀದರ್ ತಾಲ್ಲೂಕುಗಳ ಆಡುನುಡಿಯಲ್ಲಿ ನೋವನ್ನು ಹೇಳುವ ಪದಗಳನ್ನು ಕನ್ನಡ, ದಖನಿ, ಮರಾಠಿ, ತೆಲುಗು, ಲಂಬಾಣಿ ರೂಪಗಳೊಂದಿಗೆ ಸಂಗ್ರಹಿಸಿ, ವೈದ್ಯರ ನೆರವಿನಿಂದ ವಿಂಗಡಿಸಿ, ಕಿರುಕೋಶವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒದಗಿಸಬೇಕು. ಆಣೆಯ ಲೆಕ್ಕವನ್ನೂ ಕೆಲಸದ ಮಾಪನವನ್ನೂ ಅದರಲ್ಲಿ ಸೇರಿಸಬೇಕು. ಹೊರಗಿನಿಂದ ಬಂದ ತರುಣ ವೈದ್ಯನೊಬ್ಬನಿಗೆ ಕಡಿತಕ್ಕೂ ಸೆಳೆತಕ್ಕೂ ಇರುವ ವ್ಯತ್ಯಾಸ ತಿಳಿದರೆ, ಎದುರಿಗೆ ಕುಳಿತ ಮುದುಕಿಗೆ ತಪ್ಪು ಗುಳಿಗೆ ಬೀಳುವುದು ತಪ್ಪುತ್ತದೆ.